ತೆಂಗಿಗೆ ಬಿಡುವ ಕಣಜ ಬಿಳಿ ನೊಣವನ್ನು ಯಾಕೆ ಮುಟ್ಟುವುದಿಲ್ಲ?

ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ತೆಂಗು ಬೆಳೆಗಾರರ ಕಿವಿಗೆ ಈಗ ಎರಡು ಸಲಹೆಗಳು ಒಟ್ಟಿಗೇ ಬೀಳುತ್ತಿವೆ. ಗರಿ ಸುಟ್ಟಂತೆ ಒಣಗಿದ ತೋಟಕ್ಕೆ ಪ್ರಯೋಗಾಲಯದಲ್ಲಿ ಬೆಳೆಸಿದ ಪರತಂತ್ರ ಜೀವಿ ತಂದು ಬಿಡಿ ಅನ್ನುತ್ತಾರೆ. ಗರಿ ಮೇಲೆ ಕಪ್ಪು ಬೂಷ್ಟು ಕೂತ ತೋಟಕ್ಕೆ ಏನೂ ಹೊಡೆಯಬೇಡಿ, ಅಲ್ಲೇ ಇರುವ ಪರತಂತ್ರ ಜೀವಿ ನೋಡಿಕೊಳ್ಳುತ್ತದೆ ಅನ್ನುತ್ತಾರೆ. ಎರಡೂ ಕಡೆ ಮಾತು ಸಣ್ಣ ಕಣಜಗಳದ್ದೇ, ಪೀಡೆಯ ಮೈಮೇಲೋ ಒಳಗೋ ಮೊಟ್ಟೆ ಇಟ್ಟು ಅದನ್ನೇ ಮರಿಗಳಿಗೆ ಊಟ ಮಾಡುವ ಕಣಜಗಳು. ಹಾಗಿದ್ದ ಮೇಲೆ ಒಂದಕ್ಕೆ ತಂದು ಬಿಡಬೇಕು, ಇನ್ನೊಂದಕ್ಕೆ ಸುಮ್ನೆ ಇರಬೇಕು ಅಂದರೆ ಹೇಗೆ? ಒಂದೇ ಬಾಟಲಿಯ ಕಣಜ ಎರಡಕ್ಕೂ ಆಗಲ್ವಾ? ಪಕ್ಕದ ತೋಟದಲ್ಲಿ ಕೆಲಸ ಮಾಡಿದ ಕಣಜ ಈ ತೋಟದಲ್ಲಿ ಯಾಕೆ ಮಾಡಲಿಲ್ಲ?

2025ರಲ್ಲಿ ಕೊಬ್ಬರಿ ದರ ದಾಖಲೆ ಮಟ್ಟಕ್ಕೆ ಏರಿದ ಮೇಲೆ ಈ ಪ್ರಶ್ನೆಗಳ ಬಿಸಿಯೂ ಏರಿದೆ. ದರ ಇದ್ದಾಗ ಕಾಯಿ ಇಲ್ಲದಿದ್ದರೆ ಯಾರಿಗೂ ತಾಳ್ಮೆ ಇರುವುದಿಲ್ಲ. ಆದರೆ ಈ ಗೊಂದಲವನ್ನು ಬಿಡಿಸಲು ಇಲಾಖೆಯ ಆದೇಶಗಳನ್ನು ಓದಿದರೆ ಸಾಲದು. ಕಣಜ ತನ್ನ ಹುಳುವನ್ನು ಹೇಗೆ ಆರಿಸುತ್ತದೆ ಅನ್ನುವುದನ್ನು ನೋಡಬೇಕು. ಎರಡೂ ಸಲಹೆಗಳ ಬೇರು ಇರುವುದು ಅಲ್ಲಿ.

ಎರಡು ಪೀಡೆ, ಎರಡು ಕಥೆ

ಗರಿ ಸುಡುವುದು ಕಪ್ಪು ತಲೆ ಹುಳು. ಇದು ಒಂದು ಪತಂಗದ ಮರಿಹುಳು. ಗರಿಯ ಕೆಳಭಾಗದಲ್ಲಿ ತನ್ನ ಹಿಕ್ಕೆ ಮತ್ತು ನೂಲು ಸೇರಿಸಿ ಸುರಂಗ ಕಟ್ಟಿಕೊಳ್ಳುತ್ತದೆ. ಅದರೊಳಗೆ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ಕೆಳಗಿನ ಹಳೆ ಗರಿಗಳಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ. ದಕ್ಷಿಣ ಏಷ್ಯಾದ ಈ ಹುಳು ನಮಗೆ ಹೊಸದೇನಲ್ಲ. ಬೇಸಿಗೆಯಲ್ಲಿ ಇದರ ಕಾಟ ಜಾಸ್ತಿ.

ಕಪ್ಪು ಬೂಷ್ಟಿಗೆ ಕಾರಣ ಸುರುಳಿಯಾಕಾರದ ಬಿಳಿ ನೊಣ, ಅಂದರೆ ರುಗೋಸ್ ಬಿಳಿ ನೊಣ. ಮಧ್ಯ ಅಮೆರಿಕ ಕಡೆಯ ಕೀಟ. ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಭಾಗದಲ್ಲಿ. ಗರಿಯ ತಳದಲ್ಲಿ ಕೂತು ರಸ ಹೀರಿ ಸಿಹಿ ಅಂಟನ್ನು ವಿಸರ್ಜಿಸುತ್ತದೆ. ಆ ಅಂಟು ಕೆಳಗಿನ ಗರಿಗಳ ಮೇಲೆ ಬೀಳುತ್ತದೆ, ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಬೂಷ್ಟು ಬಿಸಿಲನ್ನು ತಡೆಯುವುದರಿಂದ ಮರ ಸೊರಗುತ್ತದೆ.

ಕಪ್ಪು ತಲೆ ಹುಳುವಿನ ಮೇಲೆ ಬಿಡುವ ಕಣಜದ ಹೆಸರು ಗೋನಿಯೋಜಸ್ ನೆಫಾಂಟಿಡಿಸ್. ನೋಡಲು ಚಿಕ್ಕ ಕಪ್ಪು ಇರುವೆಯಂತೆ ಇರುತ್ತದೆ. ಬಿಳಿ ನೊಣವನ್ನು ಹಿಡಿತದಲ್ಲಿ ಇಡುವುದು ಎನ್ಕಾರ್ಸಿಯಾ ಗ್ವಾಡೆಲೂಪೆ. ಇದು ಒಂದು ಮಿಲಿಮೀಟರಿಗಿಂತ ಚಿಕ್ಕದು, ಬರಿಗಣ್ಣಿಗೆ ಧೂಳಿನ ಕಣ. ಇದನ್ನು ಯಾರೂ ಹೊರಗಿನಿಂದ ತರಿಸಿ ಬಿಟ್ಟದ್ದಲ್ಲ. ನೊಣದ ಬೆನ್ನಿಗೇ ತೋಟಗಳಲ್ಲಿ ಕಾಣಿಸಿಕೊಂಡಿತು. ಎರಡೂ ಮನುಷ್ಯರ ತಂಟೆಗೆ ಬರುವುದಿಲ್ಲ.

ಮೊದಲು ವಾಸನೆ

ತೋಟದಲ್ಲಿ ನೂರಾರು ಮರ, ಮರಕ್ಕೆ ಮೂವತ್ತು ನಲವತ್ತು ಗರಿ. ಅದರಲ್ಲಿ ಯಾವ ಗರಿಯ ಯಾವ ಎಲೆಯ ಕೆಳಗೆ ಹುಳು ಅಡಗಿದೆ ಅಂತ ಇರುವೆ ಗಾತ್ರದ ಕಣಜಕ್ಕೆ ಗೊತ್ತಾಗುವುದು ಹೇಗೆ? ಕಣ್ಣಿನಿಂದಲ್ಲ. ಬಹುತೇಕ ವಾಸನೆಯಿಂದ.

ಈ ವಿಷಯದಲ್ಲಿ ದೊಡ್ಡ ತಿರುವು ಬಂದದ್ದು 1990ರಲ್ಲಿ. ಅಮೆರಿಕದಲ್ಲಿ ಟೆಡ್ ಟರ್ಲಿಂಗ್ಸ್, ಜೇಮ್ಸ್ ಟಮ್ಲಿನ್‌ಸನ್, ಜೋ ಲೂಯಿಸ್ ಎಂಬ ವಿಜ್ಞಾನಿಗಳು ಜೋಳದ ಸಸಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಮುಸುಕಿನ ಜೋಳದ ಎಲೆಯನ್ನು ಮರಿಹುಳು ತಿಂದಾಗ ಗಿಡ ಒಂದು ವಿಶೇಷ ವಾಸನೆ ಬಿಡುತ್ತದೆ. ಹುಳುವಿನ ಶತ್ರು ಕಣಜ ಆ ವಾಸನೆ ಹಿಡಿದು ಬರುತ್ತದೆ. ಬ್ಲೇಡಿನಿಂದ ಎಲೆ ಗೀರಿದರೆ ಅಷ್ಟು ವಾಸನೆ ಬರಲಿಲ್ಲ. ಗೀರಿದ ಜಾಗಕ್ಕೆ ಹುಳುವಿನ ಬಾಯಿರಸ ಸವರಿದಾಗ ಬಂತು. ಅಂದರೆ ತನ್ನನ್ನು ತಿನ್ನುತ್ತಿರುವುದು ಹುಳು ಅಂತ ಗಿಡಕ್ಕೆ ಗೊತ್ತಾಗುವುದು ಅದರ ಜೊಲ್ಲಿನಿಂದ. ಜೊಲ್ಲಿನಲ್ಲಿರುವ ಆ ರಾಸಾಯನಿಕವನ್ನೂ 1997ರಲ್ಲಿ ಗುರುತಿಸಿದರು.

ಗಿಡದ ವಾಸನೆ ದೂರದಿಂದ ದಾರಿ ತೋರಿಸುತ್ತದೆ. ಹತ್ತಿರ ಬಂದ ಮೇಲೆ ಹುಳುವಿನದ್ದೇ ಗುರುತುಗಳು ಬೇಕು. ಕಪ್ಪು ತಲೆ ಹುಳುವಿನ ವಿಷಯದಲ್ಲಿ ಆ ಹಿಕ್ಕೆ-ನೂಲಿನ ಸುರಂಗವೇ ದೊಡ್ಡ ಸುಳಿವು. ಹುಳು ತನ್ನ ರಕ್ಷಣೆಗೆ ಕಟ್ಟಿಕೊಂಡ ಮನೆಯ ವಾಸನೆಯೇ ಶತ್ರುವಿಗೆ ವಿಳಾಸ ಕೊಡುತ್ತದೆ.

ಕಣಜ ವಾಸನೆಯನ್ನು ಕಲಿಯುತ್ತದೆ ಅನ್ನುವುದು ಇನ್ನೂ ಮುಖ್ಯ. ಒಮ್ಮೆ ಒಂದು ವಾಸನೆಯ ಜೊತೆ ಹುಳು ಸಿಕ್ಕರೆ, ಮುಂದಿನ ಸಲ ಅದೇ ವಾಸನೆಯ ಕಡೆ ಬೇಗ ಹೋಗುತ್ತದೆ. ಪ್ರಯೋಗಾಲಯದ ಗೋನಿಯೋಜಸ್‌ಗೆ ಇರುವ ತೊಡಕು ಇದೇ. ಅದನ್ನು ಬೆಳೆಸುವುದು ಅಕ್ಕಿ ಪತಂಗದ ಮರಿಗಳ ಮೇಲೆ. ನುಚ್ಚು ಧಾನ್ಯದ ಡಬ್ಬಿಯಿಂದ ತೆಗೆದ ಹುಳು ತಿಂದು, ಗಾಜಿನ ನಳಿಕೆಯಲ್ಲಿ ಹುಟ್ಟಿದ ಕಣಜಕ್ಕೆ ತೆಂಗಿನ ಗರಿಯ ಪರಿಚಯವೇ ಇರುವುದಿಲ್ಲ. ಬಿಡುವ ಮುಂಚೆ ಕಪ್ಪು ತಲೆ ಹುಳುವಿನ ಸುರಂಗದ ವಾಸನೆ ತೋರಿಸಿದರೆ ಅದು ಹುಳುವನ್ನು ಚೆನ್ನಾಗಿ ಹುಡುಕುತ್ತದೆ ಅಂತ ತೆಂಗು ಕೀಟತಜ್ಞರ ಅಧ್ಯಯನಗಳು ಹೇಳಿವೆ. ಖರ್ಚಿಲ್ಲದ ಕೆಲಸ ಇದು. ಹುಳು ತಿಂದ ಎರಡು ಎಲೆ ಚೂರು ಸಾಕು. ಆದರೂ ಕಣಜ ಹಂಚುವ ಜಾಗಗಳಲ್ಲಿ ಇದರ ಮಾತು ಕಡಿಮೆಯೇ.

ಸಿಕ್ಕ ಹುಳುವೆಲ್ಲ ಆಗುವುದಿಲ್ಲ

ಹುಳು ಸಿಕ್ಕಿತು ಅಂದ ತಕ್ಷಣ ಕಣಜ ಮೊಟ್ಟೆ ಇಡುವುದಿಲ್ಲ. ಮೀಸೆಯಿಂದ ತಟ್ಟಿ ತಟ್ಟಿ ನೋಡುತ್ತದೆ. ಗಾತ್ರ ಎಷ್ಟು, ವಯಸ್ಸೆಷ್ಟು, ಬೇರೆ ಕಣಜ ಆಗಲೇ ಮೊಟ್ಟೆ ಇಟ್ಟಿದೆಯಾ? ಟ್ರೈಕೊಗ್ರಾಮ ಅನ್ನುವ, ಬೇರೆ ಕೀಟಗಳ ಮೊಟ್ಟೆಯೊಳಗೆ ಮೊಟ್ಟೆ ಇಡುವ ಪುಟಾಣಿ ಕಣಜ, ಆ ಮೊಟ್ಟೆಯ ಮೇಲೆ ನಡೆದಾಡಿ ಅದರ ಅಳತೆ ತಿಳಿಯುತ್ತದೆ. ಅದಕ್ಕೆ ತಕ್ಕಂತೆ ಎಷ್ಟು ಮೊಟ್ಟೆ ಇಡಬೇಕು ಅಂತ ತೀರ್ಮಾನಿಸುತ್ತದೆ. ತಾನು ಮುಟ್ಟಿದ ಮೊಟ್ಟೆಗೆ ವಾಸನೆಯ ಗುರುತು ಹಾಕಿ ಹೋಗುವ ಕಣಜಗಳೂ ಇವೆ.

ಇಷ್ಟೆಲ್ಲ ಪರೀಕ್ಷೆ ಯಾಕೆ? ಮರಿಗಳ ಇಡೀ ಊಟ ಆ ಒಂದು ಹುಳು. ಅದು ಚಿಕ್ಕದಾದರೆ ಮರಿಗಳು ಅರ್ಧಕ್ಕೇ ಸಾಯುತ್ತವೆ. ಬೇರೆ ಹುಳು ಹುಡುಕಿಕೊಂಡು ಹೋಗಲು ಅವಕ್ಕೆ ಕಾಲಿಲ್ಲ. ತಾಯಿ ಮಾಡಿದ ಆಯ್ಕೆಯೇ ಕೊನೆ.

ಗೋನಿಯೋಜಸ್ ಈ ವಿಷಯದಲ್ಲಿ ಭಾರಿ ಚೌಕಾಸಿ ಮಾಡುವ ಕಣಜ. ಕಪ್ಪು ತಲೆ ಹುಳುವಿನ ಮೂರನೇ ಹಂತ ಮತ್ತು ಅದಕ್ಕಿಂತ ಬಲಿತ ಮರಿಗಳನ್ನೇ ಅದು ಬಯಸುತ್ತದೆ. ಕುಟುಕಿ ಹುಳುವಿಗೆ ಲಕ್ವ ಹೊಡೆಸುತ್ತದೆ. ಆಮೇಲೆ ಮೈಮೇಲೆ ಸಾಲಾಗಿ ಮೊಟ್ಟೆ ಅಂಟಿಸುತ್ತದೆ. ಹುಳು ದೊಡ್ಡದಾದಷ್ಟೂ ಮೊಟ್ಟೆ ಜಾಸ್ತಿ. ಅಷ್ಟಕ್ಕೆ ಹಾರಿ ಹೋಗುವುದೂ ಇಲ್ಲ. ಮರಿಗಳು ಬೆಳೆದು ಗೂಡು ಕಟ್ಟುವ ತನಕ ಅಲ್ಲೇ ಕಾವಲು ಕೂರುತ್ತದೆ. ಇನ್ನೊಂದು ಹೆಣ್ಣು ಅದೇ ಹುಳುವಿಗೆ ಬಂದರೆ ಜಗಳ ಗ್ಯಾರಂಟಿ. ಸಾಮಾನ್ಯವಾಗಿ ಗಾತ್ರದಲ್ಲಿ ದೊಡ್ಡದು ಗೆಲ್ಲುತ್ತದೆ.

ಈ ತಾಯ್ತನ ನೋಡಲು ಚೆಂದ. ಆದರೆ ತೋಟದ ಲೆಕ್ಕದಲ್ಲಿ ಅದಕ್ಕೆ ಬೆಲೆ ಇದೆ. ಒಂದೊಂದು ಹುಳುವಿನ ಜೊತೆ ದಿನಗಟ್ಟಲೆ ಕೂರುವ ಕಣಜ ತನ್ನ ಬಾಳಿನಲ್ಲಿ ಮುಗಿಸುವುದು ಕೆಲವೇ ಹುಳುಗಳನ್ನು. ಹಾಗಾಗಿ ನಾಲ್ಕು ಬಾಟಲಿ ತಂದು ಇಡೀ ಊರಿನ ತೋಟಕ್ಕೆ ಸಾಕು ಅಂದುಕೊಂಡರೆ ಫಲ ಕಾಣುವುದಿಲ್ಲ.

ಒಳಗೆ ಮೊಟ್ಟೆ, ಹೊರಗೆ ಮೊಟ್ಟೆ

ಈಗ ಮೂಲ ಪ್ರಶ್ನೆಗೆ ಬರೋಣ. ಗೋನಿಯೋಜಸ್ ಬಿಳಿ ನೊಣಕ್ಕೆ ಯಾಕೆ ಆಗುವುದಿಲ್ಲ?

ಗಾತ್ರವೇ ಮೊದಲ ಅಡ್ಡಿ. ಬಿಳಿ ನೊಣದ ಮರಿ ಗರಿಗೆ ಅಂಟಿಕೊಂಡ ಚಪ್ಪಟೆ ಚುಕ್ಕಿ. ಗೋನಿಯೋಜಸ್‌ನ ಒಂದು ಮರಿಗೂ ಅದು ತುತ್ತಾಗುವುದಿಲ್ಲ. ಎನ್ಕಾರ್ಸಿಯಾದಷ್ಟು ಸಣ್ಣ ಕಣಜಕ್ಕೆ ಮಾತ್ರ ಅದರೊಳಗೆ ಜಾಗ.

ಇದಕ್ಕಿಂತ ಆಳದ ವ್ಯತ್ಯಾಸ ಮೊಟ್ಟೆ ಇಡುವ ಜಾಗದಲ್ಲಿದೆ. ಗೋನಿಯೋಜಸ್ ಹುಳುವಿಗೆ ಲಕ್ವ ಹೊಡೆಸಿ, ಹೊರಗೆ ಮೊಟ್ಟೆ ಇಡುತ್ತದೆ. ಎನ್ಕಾರ್ಸಿಯಾ ಬದುಕಿರುವ ಮರಿಯ ಒಳಗೇ ಮೊಟ್ಟೆ ಚುಚ್ಚುತ್ತದೆ. ಒಳಗೆ ಬೆಳೆಯುವ ಕಣಜದ ಮರಿಗೆ ಅಲ್ಲಿನ ದೇಹರಕ್ಷಣೆಯನ್ನು ದಾಟಬೇಕು. ಕೀಟಗಳ ರಕ್ತದಲ್ಲಿರುವ ಜೀವಕೋಶಗಳು ಹೊರಗಿನ ಮೊಟ್ಟೆಯನ್ನು ಸುತ್ತಿ, ಗಟ್ಟಿ ಕವಚ ಕಟ್ಟಿ, ಉಸಿರುಗಟ್ಟಿಸಿ ಕೊಲ್ಲಬಲ್ಲವು. ಇದನ್ನು ಮೀರಲು ಕಣಜಗಳು ಹತ್ತಾರು ಉಪಾಯ ಮಾಡಿಕೊಂಡಿವೆ. ಕೆಲವು ಗುಂಪುಗಳ ಕಣಜಗಳು ಮೊಟ್ಟೆಯ ಜೊತೆ ಒಂದು ಬಗೆಯ ವೈರಸ್ಸನ್ನೇ ಚುಚ್ಚಿ ಹುಳುವಿನ ರಕ್ಷಣೆಯನ್ನು ಮಲಗಿಸುತ್ತವೆ. ಅಂಥ ಒಂದು ಗುಂಪಿನಲ್ಲಿ ಈ ವೈರಸ್ ನಂಟಿಗೆ ಸುಮಾರು 10 ಕೋಟಿ ವರ್ಷ ವಯಸ್ಸು.

ಒಂದು ಕೀಟದ ರಕ್ಷಣೆಯನ್ನು ಮುರಿಯಲು ಕಲಿತ ಉಪಾಯ ಇನ್ನೊಂದರ ಮೇಲೆ ನಡೆಯುವುದು ಅಪರೂಪ, ಪ್ರತಿ ಬೀಗಕ್ಕೂ ಬೇರೆ ಕೀಲಿ ಇದ್ದಂತೆ. ಆದ್ದರಿಂದ ಒಳಗೆ ಮೊಟ್ಟೆ ಇಡುವ ಕಣಜಗಳ ಆಯ್ಕೆ ಸಾಮಾನ್ಯವಾಗಿ ಬಹಳ ಕಿರಿದು. ಹೊರಗೆ ಮೊಟ್ಟೆ ಇಡುವವು ತುಸು ಉದಾರಿಗಳು. ಲಕ್ವ ಹೊಡೆದ ಹುಳು, ಗಾತ್ರ ಸರಿ ಇದ್ದರೆ, ಅವುಗಳ ಮರಿಗೆ ಮಾಂಸದ ಗಂಟು ಅಷ್ಟೇ.

ಸಲಹೆಗಳ ಗಂಟು ಬಿಚ್ಚುವುದು ಇಲ್ಲಿ. ಗೋನಿಯೋಜಸ್ ಅಕ್ಕಿ ಪತಂಗದ ಮರಿಯನ್ನೂ ಒಪ್ಪುತ್ತದೆ. ಆದ್ದರಿಂದ ಅದನ್ನು ಡಬ್ಬಿಗಳಲ್ಲಿ ಕಡಿಮೆ ಖರ್ಚಿನಲ್ಲಿ ಬೆಳೆಸಿ ಹಂಚಬಹುದು. ಎನ್ಕಾರ್ಸಿಯಾಕ್ಕೆ ಬಿಳಿ ನೊಣವೇ ಬೇಕು. ಬಿಳಿ ನೊಣಕ್ಕೆ ಜೀವಂತ ಗಿಡವೇ ಬೇಕು. ಎನ್ಕಾರ್ಸಿಯಾ ಬೆಳೆಸುವುದು ಅಂದರೆ ಪೀಡೆಯನ್ನೂ ಅದರ ಗಿಡವನ್ನೂ ಜೊತೆಗೆ ಸಾಕಿದ ಹಾಗೆ. ಹಾಗಾಗಿ ಅದು ತುಂಬಿರುವ ತೋಟದಿಂದ ಎಲೆ ಕತ್ತರಿಸಿ ಇಲ್ಲದ ತೋಟದ ಮರಕ್ಕೆ ಕಟ್ಟುವುದು, ಇರುವ ಕಡೆ ಉಳಿಸಿಕೊಳ್ಳುವುದು ಸುಲಭದ ದಾರಿ. 'ತಂದು ಬಿಡಿ' ಮತ್ತು 'ಸುಮ್ನಿರಿ' ಎರಡೂ ಸರಿ. ಎರಡರ ಹಿಂದಿನ ಕಾರಣ ಹೇಳದೆ ಹೋದದ್ದೇ ತಪ್ಪು.

ಎನ್ಕಾರ್ಸಿಯಾ ಕುಲದ ಇನ್ನೊಂದು ವಿಚಿತ್ರ ಹೇಳಲೇಬೇಕು. ಇದರ ಹಲವು ಜಾತಿಗಳಲ್ಲಿ ಹೆಣ್ಣು ಮರಿ ಬೆಳೆಯುವುದು ಬಿಳಿ ನೊಣದ ಒಳಗೆ. ಗಂಡು ಮರಿ ಬೆಳೆಯುವುದು ಇನ್ನೊಂದು ಕಣಜದ ಮರಿಯ ಮೇಲೆ, ಎಷ್ಟೋ ಸಲ ತನ್ನದೇ ಜಾತಿಯ ಹೆಣ್ಣು ಮರಿಯ ಮೇಲೆ! ಗಂಡೋ ಹೆಣ್ಣೋ ಅನ್ನುವುದನ್ನು ತಾಯಿಯೇ ನಿರ್ಧರಿಸುತ್ತದೆ. ಫಲಿತ ಮೊಟ್ಟೆ ಹೆಣ್ಣಾಗುತ್ತದೆ, ಫಲಿಸದ್ದು ಗಂಡಾಗುತ್ತದೆ.

ಹುಳುಗಳೆಲ್ಲ ಒಂದೇ ವಯಸ್ಸು

ಬಿಟ್ಟ ಕಣಜ ಕೆಲಸ ಮಾಡಲಿಲ್ಲ ಅನ್ನುವ ದೂರಿಗೆ ಹಲವು ಕಾರಣಗಳಿರಬಹುದು. ಬಿಸಿಲಲ್ಲಿ ಬಾಟಲಿ ಇಟ್ಟದ್ದು, ಔಷಧಿ ಹೊಡೆದ ಮರುವಾರವೇ ಬಿಟ್ಟದ್ದು, ಇರುವೆ ತಿಂದದ್ದು. ಆದರೆ ಹೆಚ್ಚು ಗಮನ ಕೊಡಬೇಕಾದ ಕಾರಣ ಬೇರೆ.

ಕಪ್ಪು ತಲೆ ಹುಳು ಉಲ್ಬಣಿಸಿದ ತೋಟದಲ್ಲಿ ಸಾಮಾನ್ಯವಾಗಿ ಎಲ್ಲ ಹುಳುಗಳೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಈ ವಾರ ಎಲ್ಲೆಡೆ ಬಲಿತ ಮರಿ. ಕೆಲವು ವಾರ ಕಳೆದರೆ ಎಲ್ಲೆಡೆ ಕೋಶ, ಅಂದರೆ ಮರಿಹುಳು ತಿನ್ನುವುದು ಬಿಟ್ಟು ಪತಂಗವಾಗಲು ಸುಮ್ಮನೆ ಕೂತ ಹಂತ. ಮತ್ತೆ ಪತಂಗ, ಮತ್ತೆ ಮೊಟ್ಟೆ. ಒಂದು ಸುತ್ತಿಗೆ ಸುಮಾರು ಎರಡು ತಿಂಗಳು. ವರ್ಷವಿಡೀ ಬೆಚ್ಚಗಿರುವ ನಾಡಿನಲ್ಲಿ ಹೀಗೆ ಪೀಳಿಗೆಗಳು ಬೇರೆಬೇರೆಯಾಗಿ ಬರುವುದು ಯಾಕೆ ಅಂತ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದಾರೆ. 1987ರಲ್ಲಿ ಬ್ರಿಟನ್ನಿನ ಚಾರ್ಲ್ಸ್ ಗಾಡ್‌ಫ್ರೇ ಮತ್ತು ಮೈಕೆಲ್ ಹ್ಯಾಸೆಲ್ ಒಂದು ಸಾಧ್ಯತೆ ಮುಂದಿಟ್ಟರು. ಹುಳುವಿನ ಒಂದು ಹಂತವನ್ನು ಮಾತ್ರ ಹಿಡಿಯುವ ಶತ್ರು ಕೀಟಗಳೇ ಪೀಳಿಗೆಗಳನ್ನು ಹೀಗೆ ಸಾಲಿಗೆ ತರಬಲ್ಲವು.

ಕಾರಣ ಏನೇ ಇರಲಿ, ಪರಿಣಾಮ ನೇರ. ತೋಟದ ತುಂಬ ಕೋಶ ಇರುವಾಗ ಗೋನಿಯೋಜಸ್ ಬಿಟ್ಟರೆ ಅದಕ್ಕೆ ಬೇಕಾದ ಹುಳುವೇ ಇರುವುದಿಲ್ಲ. ಅದರ ಒಂದು ಪೀಳಿಗೆ ಎರಡು ವಾರದ ಆಸುಪಾಸಿನಲ್ಲಿ ಮುಗಿಯುತ್ತದೆ. ಮುಂದಿನ ಬಲಿತ ಮರಿಗಳು ಬರುವ ತನಕ ಕಾಯುವಷ್ಟು ಆಯಸ್ಸು ಕಣಜಕ್ಕಿಲ್ಲ. ಬಿಟ್ಟದ್ದು ಬಿಟ್ಟ ಹಾಗೆ ಕರಗುತ್ತದೆ. ಎರಡು ವಾರ ಮೊದಲು ಬಿಟ್ಟ ಪಕ್ಕದ ತೋಟದಲ್ಲಿ ಅದೇ ಬಾಟಲಿ ಫಲ ಕೊಟ್ಟಿರುತ್ತದೆ.

ಇದಕ್ಕಾಗಿಯೇ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಹಂತಕ್ಕೊಂದು ಕಣಜ ಅನ್ನುವ ಕ್ರಮ ಹೇಳಿದೆ. ಬಲಿತ ಮರಿಗೆ ಗೋನಿಯೋಜಸ್, ಕೋಶಕ್ಕೆ ಸಿದ್ಧವಾದ ಹಂತಕ್ಕೆ ಎಲಾಸ್ಮಸ್, ಕೋಶಕ್ಕೆ ಬ್ರಾಕಿಮೇರಿಯಾ. ಸಕಲೇಶಪುರ, ಚಿಕ್ಕಮಗಳೂರು ಕಡೆ ಕಾಫಿಯ ಬೆರ್ರಿ ಬೋರರ್ ಕಥೆಯೂ ಹೀಗೇ. ಹಣ್ಣಿನೊಳಗೆ ನುಗ್ಗಿ ಬೋರರ್ ಮರಿಗಳನ್ನು ಹಿಡಿಯುವ ಕಣಜ ಒಂದು, ಹಣ್ಣು ಕೊರೆಯುತ್ತಿರುವ ಪ್ರಾಯದ ಬೋರರ್ ಒಳಗೆ ಮೊಟ್ಟೆ ಇಡುವ ಕಣಜ ಇನ್ನೊಂದು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಕ್ರಮ ಕಾಗದದ ಮೇಲೆ ಚೆನ್ನಾಗಿದೆ. ಆದರೆ ಹಂಚಿಕೆಯ ಯಶಸ್ಸನ್ನು ಎಷ್ಟು ಬಾಟಲಿ ಕೊಟ್ಟೆವು ಅನ್ನುವುದರಿಂದ ಅಳೆಯುವ ತನಕ ಅದು ಕಾಗದದ ಮೇಲೇ ಇರುತ್ತದೆ. ಕೊಡುವ ಮುಂಚೆ ಆ ಊರಿನ ತೋಟಗಳಲ್ಲಿ ಹುಳು ಯಾವ ಹಂತದಲ್ಲಿದೆ ಅಂತ ಯಾರಾದರೂ ಗರಿ ಕಡಿದು ನೋಡಬೇಕು.

ಔಷಧಿ ಬೇಕು ಅನ್ನುವವರ ವಾದ

ಔಷಧಿ ಕೇಳುವ ರೈತರನ್ನು ತಿಳಿವಳಿಕೆ ಇಲ್ಲದವರು ಅಂತ ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಅವರ ವಾದದಲ್ಲಿ ಹುರುಳಿದೆ. ಕಣಜದ ಕೆಲಸ ನಿಧಾನ. ಹರಳು, ಅಂದರೆ ಎಳೆ ಕಾಯಿ, ಉದುರುತ್ತಿರುವಾಗ ಮೂರು ತಿಂಗಳು ಕಾಯಿರಿ ಅಂದರೆ ಯಾರು ಕೇಳುತ್ತಾರೆ? ಒಬ್ಬರು ಕಣಜ ಬಿಟ್ಟು ಪಕ್ಕದವರು ಸುಮ್ಮನಿದ್ದರೆ ಅಲ್ಲಿಂದ ಪತಂಗ ಮತ್ತೆ ಬರುತ್ತದೆ. ಬೇರಿನ ಮೂಲಕ ಔಷಧಿ ಉಣಿಸುವುದು ಹಲವರಿಗೆ ಅಭ್ಯಾಸವಾದ ದಾರಿಯೂ ಹೌದು. ಅದಕ್ಕೆ ಹೆಚ್ಚು ಬಳಕೆಯಲ್ಲಿದ್ದ ಮೊನೊಕ್ರೊಟೊಫಾಸ್ 36 ಎಸ್‌ಎಲ್ ಮಾರಾಟವನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2023ರಲ್ಲಿ ಆದೇಶ ಹೊರಡಿಸಿದ ಮೇಲೆ ಆ ದಾರಿಯೂ ಕಿರಿದಾಯಿತು. ಕೈಯಲ್ಲಿದ್ದದ್ದು ಹೋಯಿತು, ಬದಲಿಗೆ ಬಂದದ್ದು ನಂಬಿಕೆ ಹುಟ್ಟಿಸಲಿಲ್ಲ ಅನ್ನುವುದು ಅವರ ಸಿಟ್ಟು.

ಆದರೆ ಬಿಳಿ ನೊಣದ ವಿಷಯದಲ್ಲಿ ಸಿಂಪಡಣೆ ತಿರುಗುಬಾಣವಾಗುತ್ತದೆ. ನೊಣದ ಮರಿಗಳು ಗರಿಯ ತಳದಲ್ಲಿ ಮೇಣದ ಹೊದಿಕೆಯ ಕೆಳಗಿವೆ. ಎತ್ತರದ ಮರದಲ್ಲಿ ಔಷಧಿ ಅಲ್ಲಿಗೆ ಮುಟ್ಟುವುದೇ ಕಷ್ಟ. ಎನ್ಕಾರ್ಸಿಯಾ ಮಾತ್ರ ಬಯಲಲ್ಲೇ ನಡೆದಾಡುತ್ತಿರುತ್ತದೆ, ಅದು ಮೊದಲು ಸಾಯುತ್ತದೆ. ಉಳಿದ ನೊಣ ಶತ್ರುವಿಲ್ಲದೆ ಮತ್ತೆ ಬೆಳೆಯುತ್ತದೆ. ರೈತರು ಮತ್ತೆ ಹೊಡೆಯುತ್ತಾರೆ. ಬೂಷ್ಟು ಕಂಡು ಗಾಬರಿಯಾದವರಿಗೆ ತಿಳಿಯಾದ ಗಂಜಿ ಸಿಂಪಡಿಸುವ ಸಲಹೆ ಇದೆ. ಗಂಜಿ ಒಣಗಿ ಉದುರುವಾಗ ಬೂಷ್ಟನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ಚಿಕ್ಕ ಮರಗಳಿಗೆ ರಭಸವಾಗಿ ನೀರು ಹೊಡೆಯುವುದೂ ಆಗುತ್ತದೆ.

ರೇಷ್ಮೆಗೆ ಅಪಾಯ ಇಲ್ವಾ?

ಹಾಸನದಲ್ಲಿ ರೇಷ್ಮೆ ಸಾಕುವವರೂ ಇರುವುದರಿಂದ ಈ ಭಯ ಸಹಜ. ಇದಕ್ಕೆ ಇತಿಹಾಸದಲ್ಲಿ ಆಧಾರವೂ ಇದೆ. ಅಮೆರಿಕದಲ್ಲಿ 1906ರಲ್ಲಿ ಜಿಪ್ಸಿ ಪತಂಗದ ವಿರುದ್ಧ ಯುರೋಪಿನ ಒಂದು ಪರಾವಲಂಬಿ ನೊಣ ತಂದು ಬಿಟ್ಟರು. ಅದು ನೂರಕ್ಕೂ ಹೆಚ್ಚು ಜಾತಿಯ ಹುಳುಗಳನ್ನು ಒಪ್ಪುವ ನೊಣ. ಅಲ್ಲಿನ ಕಾಡು ರೇಷ್ಮೆ ಪತಂಗಗಳು ಕುಸಿದಿದ್ದಕ್ಕೆ ಅದೂ ಕಾರಣ ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ಆಯ್ಕೆ ಅಗಲವಾಗಿರುವ ಪರಾವಲಂಬಿಯನ್ನು ಬಿಟ್ಟರೆ ಆಗುವುದು ಹೀಗೆ.

ಈಗ ಹೊರದೇಶದ ಕಣಜ ತರುವ ಮುಂಚೆ ಅದು ಬೇರೆ ಯಾವ ಕೀಟವನ್ನು ಮುಟ್ಟುತ್ತದೆ ಅಂತ ಪ್ರತ್ಯೇಕ ಕೋಣೆಯಲ್ಲಿಟ್ಟು ಪರೀಕ್ಷಿಸುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಪಪ್ಪಾಯಿ ಹಿಟ್ಟು ತಿಗಣೆಗೆ, ಮರಗೆಣಸಿನ ಹಿಟ್ಟು ತಿಗಣೆಗೆ ಹೀಗೆ ಪರೀಕ್ಷಿಸಿಯೇ ಕಣಜ ಬಿಟ್ಟಿತು. ಗೋನಿಯೋಜಸ್‌ದು ಇನ್ನೂ ಸರಳ. ಅದು ಮೊದಲಿನಿಂದ ಇಲ್ಲೇ ಇರುವ ಕಣಜ, ಹುಡುಕುವುದು ತೆಂಗಿನ ಗರಿಯ ಸುರಂಗಗಳನ್ನು. ರೇಷ್ಮೆ ಇಲಾಖೆಯೇ ರೇಷ್ಮೆ ಹುಳುವಿನ ಶತ್ರುವಾದ ಊಜಿ ನೊಣದ ಕೋಶ ಹಿಡಿಯುವ ನೆಸೊಲಿಂಕ್ಸ್ ಎಂಬ ಕಣಜವನ್ನು ಹುಳು ಮನೆಗಳಿಗೆ ಕೊಡುತ್ತಿದೆ. ಅದು ರೇಷ್ಮೆ ಹುಳುವನ್ನು ಬಿಟ್ಟು ನೊಣದ ಕೋಶಕ್ಕೆ ಹೋಗುತ್ತದೆ ಅನ್ನುವುದರ ಮೇಲೇ ಆ ಯೋಜನೆ ನಿಂತಿದೆ.

ಮುಂದಿನ ತಲೆನೋವು

ರುಗೋಸ್ ಒಂದೇ ಈಗ ತೆಂಗಿನ ಬಿಳಿ ನೊಣ ಅಲ್ಲ. ಗೂಡು ಕಟ್ಟುವ ಬಿಳಿ ನೊಣಗಳು ಕೇರಳದಲ್ಲಿ ಕಂಡು ಹಲವೆಡೆ ಹರಡಿವೆ. 2019ರಲ್ಲಿ ಪಕ್ಕದ ಮಂಡ್ಯದಲ್ಲೇ ಇನ್ನೊಂದು ತಾಳೆ ಬಿಳಿ ನೊಣ ವರದಿಯಾಯಿತು. ದೂರದಿಂದ ಎಲ್ಲವೂ ಒಂದೇ ಬಿಳಿ ಪುಡಿ. ಎನ್ಕಾರ್ಸಿಯಾ ಗ್ವಾಡೆಲೂಪೆ ರುಗೋಸ್ ನೊಣವನ್ನು ತಗ್ಗಿಸಿದ ಗರಿಯಲ್ಲಿ ಗೂಡು ಕಟ್ಟುವ ನೊಣ ಬಂದು ಕೂತರೆ ತೋಟ ಹಾಗೇ ಬೆಳ್ಳಗೆ ಕಾಣುತ್ತದೆ. ಆಗ ಕಣಜ ಸೋತಿತು ಅನ್ನುವ ಮಾತು ಬರುತ್ತದೆ, ಪಂಪು ಹೊರಗೆ ಬರುತ್ತದೆ, ಕೆಲಸ ಮಾಡುತ್ತಿದ್ದ ಕಣಜವೂ ಹೋಗುತ್ತದೆ. ಇವತ್ತಿನ ಗೊಂದಲ ಬಿಡಿಸದಿದ್ದರೆ ಇದೇ ಆಗುವ ಸಾಧ್ಯತೆ ಹೆಚ್ಚು.

ತಪ್ಪಿಸಲು ದೊಡ್ಡ ಉಪಕರಣ ಬೇಡ, ಒಂದು ಭೂತಕನ್ನಡಿ ಸಾಕು. ಬಿಳಿ ನೊಣದ ಖಾಲಿ ಚಿಪ್ಪಿನಲ್ಲಿ ಇಂಗ್ಲಿಷ್ 'ಟಿ' ಆಕಾರದ ಸೀಳು ಇದ್ದರೆ ಅದರಿಂದ ಹೊರಬಂದದ್ದು ನೊಣ. ಗುಂಡನೆಯ ತೂತಿದ್ದರೆ ಕಣಜ. ಗುಂಡು ತೂತುಗಳೇ ಜಾಸ್ತಿ ಇರುವ ತೋಟದಲ್ಲಿ ಪಂಪು ಹಿಡಿಯಬಾರದು. ಕಪ್ಪು ತಲೆ ಹುಳುವಿಗಾದರೆ ಬೇರೆ ಬೇರೆ ಮರದ ಕೆಳಗರಿಗಳಿಂದ ಕೆಲವು ಎಲೆ ಕತ್ತರಿಸಿ ಸುರಂಗ ಬಿಡಿಸಿ ನೋಡಬೇಕು. ಒಳಗಿರುವುದು ಮರಿಯೋ ಕೋಶವೋ ಅನ್ನುವುದು ಬರಿಗಣ್ಣಿಗೇ ಕಾಣುತ್ತದೆ. ಗುರುತು ಸಿಗದಿದ್ದರೆ ಆ ಎಲೆಗಳನ್ನೇ ಕವರಿನಲ್ಲಿ ಹಾಕಿ ಹಾಸನದ ಬಳಿಯ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕಿನ ತೋಟಗಾರಿಕೆ ಕಚೇರಿಗೋ ಒಯ್ದು ತೋರಿಸಬೇಕು. ಬಾಟಲಿಗೆ ಅರ್ಜಿ ಕೊಡುವುದು ಅದರ ನಂತರದ ಕೆಲಸ.